ಹಾಲ್‌ನ ಟಿವಿಗೆ ಮೂವರು ಯಜಮಾನರು

ನಮ್ಮ ಮನೆಯ ಹಾಲ್‌ನಲ್ಲಿರುವ 43 ಇಂಚಿನ ಟಿವಿಗೆ ಮೂವರು ಯಜಮಾನರು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ಅದು ನನ್ನ ಆಫೀಸು. ರಾತ್ರಿ ಏಳರಿಂದ ಹತ್ತರವರೆಗೆ ಅಮ್ಮನ ಧಾರಾವಾಹಿಗಳ ಲೋಕ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಏಳು ಅಪ್ಪನದು. ಈ ವೇಳಾಪಟ್ಟಿಯನ್ನು ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಭಾನುವಾರದ ಜಾಗ ಖಾಲಿ ಬಿಟ್ಟಿದ್ದಾಳೆ. ಅವತ್ತು ರಿಮೋಟ್ ಯಾರ ಕೈಗೆ ಮೊದಲು ಸಿಗುತ್ತೋ ಅವರದೇ ರಾಜ್ಯ.

ನಾಲ್ಕು ವರ್ಷದ ಹಿಂದೆ ಕೊಂಡಾಗ ಅದು ಬರೀ ಟಿವಿ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಅಂತ ಆದ ಮೇಲೆ ನನ್ನ ಕತ್ತು ದೂರು ಹೇಳಲು ಶುರುಮಾಡಿತು. 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಮೂವತ್ತು ಕಾಲಂಗಳ ಎಕ್ಸೆಲ್ ಶೀಟು ನೋಡೋದು ಅಂದರೆ ಕಿಟಕಿ ಸಂದಿಯಲ್ಲಿ ಇಣುಕಿ ಮದುವೆ ನೋಡಿದ ಹಾಗೆ. ಮಾನಿಟರ್ ತರೋಣ ಅಂದರೆ ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಇನ್ನೊಂದು ಮೇಜಿಗೆ ಜಾಗವಿಲ್ಲ. ಹಾಲ್‌ನಲ್ಲಿ ನೋಡಿದರೆ ಹಗಲಿಡೀ ಸುಮ್ಮನೆ ಕೂತಿರೋ ಟಿವಿ. ಒಂದು ಎಚ್‌ಡಿಎಂಐ ಕೇಬಲ್ ಹಾಕಿದರೆ ಮುಗೀತಲ್ವಾ?

ಹಾಗೆ ನೋಡಿದರೆ ಇದು ಹೊಸ ಐಡಿಯಾ ಏನಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರಿಗೆ ಸ್ವಂತ ಪರದೆಯೇ ಇರಲಿಲ್ಲ. ಮನೆಯ ಟಿವಿಗೆ ಸಿಕ್ಕಿಸಬೇಕಿತ್ತು. ಅಲ್ಲಿನ ಮನೆಗಳಲ್ಲೂ ಆಗ ಪರದೆಗಾಗಿ ಜಗಳ ಆಗಿರಲೇಬೇಕು!

ಕೇಬಲ್ ಹಾಕಿದೆ, ಚಿತ್ರ ಬಂತು. ಆದರೆ ಅಕ್ಷರಗಳು ನೀರಲ್ಲಿ ನೆನೆದ ಹಾಗೆ ಕಂಡವು. ಇಂಗ್ಲಿಷ್ ಹೇಗೋ ಓದಬಹುದಿತ್ತು. ಕನ್ನಡದ ಮೇಲ್ ಬಂದರೆ ಒತ್ತಕ್ಷರಗಳೆಲ್ಲ ಕಲಸಿಹೋದ ಚಿತ್ರಾನ್ನ. ನೀವೂ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ‘ಥೂ, ಇದು ಸರಿಹೋಗಲ್ಲ’ ಅಂತ ಬಿಟ್ಟಿದ್ದರೆ ಸ್ವಲ್ಪ ತಾಳಿ. ಸಾಮಾನ್ಯವಾಗಿ ಟಿವಿ ಕೆಟ್ಟಿರುವುದಿಲ್ಲ, ಅದಿನ್ನೂ ತಾನು ಸಿನಿಮಾ ತೋರಿಸುತ್ತಿದ್ದೇನೆ ಅಂದುಕೊಂಡಿರುತ್ತದೆ ಅಷ್ಟೇ.

ಮೊದಲನೆಯದು ಚುಕ್ಕಿಗಳ ಲೆಕ್ಕ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಒಂದು ಇಂಚಿಗೆ ಸಿಗೋದು ಸುಮಾರು 49 ಚುಕ್ಕಿ. 43 ಇಂಚಿನ ಫುಲ್ ಎಚ್‌ಡಿಯಲ್ಲಿ 51. ಆಫೀಸಿನಲ್ಲಿ ಕಾಣುವ 24 ಇಂಚಿನ ಸಾಮಾನ್ಯ ಮಾನಿಟರ್‌ನಲ್ಲಿ 92. ಅದೇ 43 ಇಂಚಿನ 4ಕೆ ಟಿವಿಯಲ್ಲಿ 102. ಅಂದರೆ ಹತ್ತಿರ ಕೂತು ಓದೋದಕ್ಕೆ ದೊಡ್ಡ ಟಿವಿಗಿಂತ 4ಕೆ ಟಿವಿ ಮುಖ್ಯ. ನಮ್ಮದು ಅದೃಷ್ಟಕ್ಕೆ 4ಕೆ.

ಎರಡನೆಯದು ಬಣ್ಣದ ಜಿಪುಣತನ. ಸಿನಿಮಾ, ಧಾರಾವಾಹಿಗಳ ವಿಡಿಯೊದಲ್ಲಿ ಬೆಳಕಿನ ಮಾಹಿತಿ ಪ್ರತಿ ಚುಕ್ಕಿಗೂ ಇರುತ್ತದೆ, ಬಣ್ಣದ ಮಾಹಿತಿಯನ್ನು ಮಾತ್ರ ಅಕ್ಕಪಕ್ಕದ ನಾಲ್ಕು ಚುಕ್ಕಿಗಳು ಹಂಚಿಕೊಳ್ಳುತ್ತವೆ. ಮುಖ, ಸೀರೆ, ಬೆಟ್ಟ ನೋಡುವಾಗ ಇದು ಕಣ್ಣಿಗೆ ಗೊತ್ತೇ ಆಗಲ್ಲ. ಸಣ್ಣ ಅಕ್ಷರದಲ್ಲಿ ಮಾತ್ರ ಅಂಚು ಮಸುಕಾಗುತ್ತದೆ. ಇದಕ್ಕೆ ಮದ್ದು ಟಿವಿಯ ಸೆಟ್ಟಿಂಗ್‌ನಲ್ಲೇ ಇದೆ. ಬಹಳಷ್ಟು ಟಿವಿಗಳಲ್ಲಿ ಲ್ಯಾಪ್‌ಟಾಪ್ ಹಾಕಿರುವ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ‘ಪಿಸಿ’ ಅಂತ ಬದಲಿಸಿದರೆ ಸಾಕು, ಪ್ರತಿ ಚುಕ್ಕಿಗೂ ಅದರದೇ ಬಣ್ಣ ಕೊಡಲು ಶುರುಮಾಡುತ್ತದೆ. ಜೊತೆಗೆ ‘ಶಾರ್ಪ್‌ನೆಸ್’ ತೀರಾ ಕೆಳಗಿಳಿಸಿ. ಅಕ್ಷರದ ಸುತ್ತ ಕಾಣುವ ಬಿಳಿ ನೆರಳು ಅದರದೇ ಕೆಲಸ.

ಮೂರನೆಯದು ಅಂಚು ಕತ್ತರಿಸೋದು. ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಸರಿಯಾಗಿ ಬರುತ್ತಿರಲಿಲ್ಲ ಅಂತ ಸುತ್ತ ಸ್ವಲ್ಪ ಹಿಗ್ಗಿಸಿ ತೋರಿಸೋ ಅಭ್ಯಾಸವಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯವಾಗಿದ್ದರೆ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಇಂಥ ಹೆಸರಿನ ಆಯ್ಕೆ ಹುಡುಕಿ. ನಾಲ್ಕನೆಯದು ಮೌಸ್ ತೆವಳೋದು. ಹಳೆಯ ಎಚ್‌ಡಿಎಂಐ 1.4 ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಬೇಕಾದರೆ ಟಿವಿ, ಲ್ಯಾಪ್‌ಟಾಪ್ ಎರಡೂ ಕಡೆ 2.0 ಇರಬೇಕು. ಆಮೇಲೆ ಗೇಮ್ ಮೋಡ್ ಹಾಕಿದರೆ ಮೌಸ್ ಕೈಗೆ ಅಂಟಿದ ಹಾಗೆ ಓಡುತ್ತದೆ. ವೈಫೈ ಮೂಲಕ ಕಾಸ್ಟ್ ಮಾಡೋದು ಸಿನಿಮಾಕ್ಕೆ ಸರಿ, ಕೆಲಸಕ್ಕೆ ಬೇಡ. ನಿಮ್ಮದು ಓಎಲ್‌ಇಡಿ ಆಗಿದ್ದರೆ ಟಾಸ್ಕ್‌ಬಾರ್ ಅಡಗಿಸಿಡಿ. ಅಲ್ಲಾಡದ ಚಿತ್ರ ದಿನಗಟ್ಟಲೆ ಒಂದೇ ಕಡೆ ನಿಂತರೆ ಅದರ ಗುರುತು ಉಳಿದುಬಿಡಬಹುದು.

ಇದಿಷ್ಟು ಟೆಕ್ನಿಕಲ್ ವಿಷಯ. ಆದರೆ ಟಿವಿ ಮಾನಿಟರ್ ಆದ ಮೇಲೆ ಮನೆಯಲ್ಲಿ ಆದ ದೊಡ್ಡ ಬದಲಾವಣೆ ಸೆಟ್ಟಿಂಗ್‌ಗೆ ಸಂಬಂಧಿಸಿದ್ದಲ್ಲ. ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದರೂ ನಾನು ಮಾಡೋದೇನು ಅಂತ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ನೆಂಟರು ಕೇಳಿದರೆ ‘ಕಂಪ್ಯೂಟರ್‌ನಲ್ಲಿ ಏನೋ’ ಅನ್ನೋರು. ಲ್ಯಾಪ್‌ಟಾಪ್ ಅನ್ನೋದು ಎದುರಿಗೆ ಕೂತವರಿಗೆ ಬರೀ ಮುಚ್ಚಳ ತೋರಿಸುತ್ತದೆ, ನೋಡಿ. ಈಗ ನನ್ನ ಕೆಲಸ ಹಾಲ್‌ನ ನಡುವೆ 43 ಇಂಚಿನಲ್ಲಿ ಬಿದ್ದಿತ್ತು. ಅಮ್ಮ ಸೊಪ್ಪು ಬಿಡಿಸುತ್ತಾ ನೋಡುತ್ತಾಳೆ. ‘ಈ ಕೆಂಪು ಇರೋದೆಲ್ಲ ದುಡ್ಡು ಬರದೇ ಇರೋದಾ?’ ಅಂತ ಕೇಳಿದಳು ಒಂದು ದಿನ. ಹೌದು, ಅದು ಬಾಕಿ ಬಿಲ್‌ಗಳ ಪಟ್ಟಿಯೇ. ನನ್ನ ಮೂರು ತಿಂಗಳ ಟ್ರೇನಿಗಿಂತ ಬೇಗ ಅರ್ಥಮಾಡಿಕೊಂಡಿದ್ದಳು.

ಒಂದು ಎಚ್ಚರಿಕೆ. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿಕೊಳ್ಳಿ, ‘ಡೂಪ್ಲಿಕೇಟ್’ ಬೇಡ. ಮೇಲ್, ಚಾಟ್ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ಉಳಿಯಲಿ. ಗೆಳತಿಯರ ಗ್ರೂಪಿನ ಮೆಸೇಜು ಮೂರಡಿ ಅಗಲದಲ್ಲಿ ಅಮ್ಮನ ಮುಂದೆ ತೆರೆದುಕೊಳ್ಳುವುದು ಯಾರಿಗೂ ಬೇಡ. ಆಫೀಸಿನ ಗುಟ್ಟಿನ ಫೈಲುಗಳಿಗೂ ಇದೇ ನಿಯಮ.

ಇನ್ನು ಅಪ್ಪನ ವಿಷಯ. ಅಪ್ಪ ದಾವಣಗೆರೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿ, ಆಮೇಲೆ ಪ್ರೂಫ್ ತಿದ್ದುವ ಕೆಲಸಕ್ಕೆ ಬಡ್ತಿ ಪಡೆದವರು. ಮದುವೆ ಕಾರ್ಡು, ಪಂಚಾಂಗ, ಸಂಘದ ವರದಿ, ಕಥಾಸಂಕಲನ, ಏನೇ ಆಗಲಿ, ತಪ್ಪು ಹುಡುಕಿದ್ದು ಅವರ ಕಣ್ಣು. ಆ ಕಣ್ಣಿಗೆ ಎರಡು ವರ್ಷದ ಹಿಂದೆ ಮ್ಯಾಕ್ಯುಲಾ ಸವೆತ ಅಂತ ಡಾಕ್ಟರು ಹೇಳಿದರು. ರೆಟಿನಾದ ನಟ್ಟನಡುವಿನ ಭಾಗ ವಯಸ್ಸಿನಿಂದ ಹಾಳಾಗುವ ಕಾಯಿಲೆ. ಸುತ್ತಲಿನದು ಕಾಣುತ್ತೆ, ಓಡಾಡಲು ತೊಂದರೆಯಿಲ್ಲ. ನೇರ ಏನನ್ನು ನೋಡುತ್ತಾರೋ ಅದೇ ಮಸುಕು. ಅಂದರೆ ಎದುರಿಗಿರುವವರ ಮುಖ, ಮತ್ತೆ ಅಕ್ಷರ. ಅವರದು ‘ಒಣ’ ಬಗೆ. ‘ಒದ್ದೆ’ ಬಗೆಯದಕ್ಕೆ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ. ಅಪ್ಪನಿಗೆ, ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದನ್ನು ಬಳಸಿಕೊಳ್ಳಿ ಅಂದರು. ಚೌಕಗಳಿರುವ ಒಂದು ಹಾಳೆ ಕೊಟ್ಟು, ಒಂದೊಂದೇ ಕಣ್ಣಲ್ಲಿ ನೋಡಿ, ನೇರ ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ತಡಮಾಡದೆ ಬನ್ನಿ ಅಂದರು. ಅದು ಈಗ ಫ್ರಿಜ್ಜಿನ ಬಾಗಿಲಲ್ಲಿ ವೇಳಾಪಟ್ಟಿಯ ಪಕ್ಕದಲ್ಲೇ ಇದೆ.

ಅಪ್ಪ ಗಲಾಟೆ ಮಾಡಲಿಲ್ಲ. ಪೇಪರ್ ತರಿಸೋದು ನಿಲ್ಲಿಸಿ ಅಂದರು, ಅಷ್ಟೇ. ಐವತ್ತು ವರ್ಷ ಕಾಫಿಗೂ ಮೊದಲು ಪೇಪರ್ ಕೇಳುತ್ತಿದ್ದ ಮನುಷ್ಯ. ಬೆಳಗ್ಗೆ ಹೊತ್ತು ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಭೂತಗನ್ನಡಿ ತಂದುಕೊಟ್ಟರೆ, ಕೈ ನಡುಗುತ್ತೆ, ಒಂದು ಸಲಕ್ಕೆ ಎರಡೇ ಅಕ್ಷರ ಸಿಗುತ್ತೆ ಅಂತ ಪಕ್ಕಕ್ಕಿಟ್ಟರು. ಓದಲೆಂದೇ ಬರುವ ಎಲೆಕ್ಟ್ರಾನಿಕ್ ಭೂತಗನ್ನಡಿಯ ಬೆಲೆ ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಇತ್ತು. ಬ್ರೌಸರ್ ಈಗ ಕನ್ನಡದ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತೆ, ಅದನ್ನೂ ಹಾಕಿಕೊಟ್ಟೆ. ಹತ್ತು ನಿಮಿಷ ಕೇಳಿ, ‘ಚೆನ್ನಾಗಿದೆ ಮಗಳೇ. ಆದರೆ ಓದಿಸಿಕೊಳ್ಳೋದು ಬೇರೆ, ಓದೋದು ಬೇರೆ’ ಅಂದರು.

ಒಂದು ಮಧ್ಯಾಹ್ನ ನಾನು ಟಿವಿಯಲ್ಲಿ ಒಂದು ಪ್ರೆಸೆಂಟೇಷನ್ ತೆರೆದಿದ್ದೆ. ಹಿಂದಿನಿಂದ ಹಾದುಹೋಗುತ್ತಿದ್ದ ಅಪ್ಪ ನಿಂತು, ‘ಎರಡನೇ ಸಾಲಲ್ಲಿ ಷ ಆಗಬೇಕಿತ್ತು, ಪ ಆಗಿದೆ’ ಅಂದರು. ಗ್ರಾಹಕರಿಗೆ ಕಳಿಸುವ ಕನ್ನಡದ ಸ್ಲೈಡ್ ಅದು, ಬೇರೆ ತಂಡದಿಂದ ಬಂದದ್ದು. ಹೊಟ್ಟೆಯಲ್ಲೊಂದು ಗೀಟು ಇದ್ದರೆ ಷ, ಇಲ್ಲದಿದ್ದರೆ ಪ. ಆ ಗೀಟು ಇಲ್ಲದ್ದು ಅಪ್ಪನಿಗೆ ಕಂಡಿತ್ತು. ನಾನು ತಿರುಗಿ ನೋಡಿದೆ. ಅವರೂ ತಮ್ಮ ಕಣ್ಣನ್ನು ನಂಬದವರ ಹಾಗೆ ನಿಂತಿದ್ದರು.

ಲೆಕ್ಕ ಸರಳವಾಗಿದೆ. ಎಂಟಡಿ ದೂರದ ಸೋಫಾ ಬಿಟ್ಟು ಎರಡಡಿ ದೂರದಲ್ಲಿ ಕೂತರೆ ಅದೇ ಅಕ್ಷರ ಕಣ್ಣಿಗೆ ನಾಲ್ಕು ಪಟ್ಟು ದೊಡ್ಡದು. ಮೇಲೆ ಇನ್ನೂರೈವತ್ತು ಪರ್ಸೆಂಟ್ ಝೂಮ್ ಹಾಕಿದರೆ ಹತ್ತು ಪಟ್ಟು. ನಡುವಿನ ಮಸುಕನ್ನು ದಾಟಿ ಅಕ್ಷರದ ಆಕಾರ ಪಕ್ಕದ ಆರೋಗ್ಯವಾಗಿರುವ ಭಾಗಕ್ಕೆ ಬೀಳುತ್ತದೆ. ಟಿವಿ ಹತ್ತಿರ ಕೂತರೆ ಕಣ್ಣು ಹಾಳಾಗುತ್ತೆ ಅಂತ ನಮ್ಮನ್ನು ಬೈದು ಬೆಳೆಸಿದ ಅಮ್ಮನಿಗೆ ಇದನ್ನು ಒಪ್ಪಿಸಲು ಡಾಕ್ಟರೇ ಹೇಳಬೇಕಾಯಿತು. ಹತ್ತಿರ ಕೂತರೆ ಕಣ್ಣು ದಣಿಯಬಹುದು, ಹಾಳಾಗಲ್ಲ ಅಂದರು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ ಅಂತ ಟಿವಿ ತಗ್ಗಿನ ಮೇಜಿನ ಮೇಲೆ ಕಾಲೂರಿ ನಿಂತಿತ್ತು. ಅದೇ ಒಳ್ಳೆಯದಾಯಿತು. ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬರುತ್ತೆ.

ಈಗ ವ್ಯವಸ್ಥೆ ಹೀಗಿದೆ. ನನ್ನ ಹಳೆಯ ಲ್ಯಾಪ್‌ಟಾಪ್ ಸದಾ ಟಿವಿಗೆ ಜೋಡಿಸಿರುತ್ತದೆ, ಮಡಿಲಲ್ಲೊಂದು ವೈರ್‌ಲೆಸ್ ಮೌಸ್. ಬೆಳಗ್ಗೆ ಇ-ಪೇಪರ್. ವಿಂಡೋಸ್‌ನ ಮ್ಯಾಗ್ನಿಫೈಯರ್ ಹಾಕಿ ಕಂಟ್ರೋಲ್, ಆಲ್ಟ್, ‘ಐ’ ಮೂರನ್ನೂ ಒತ್ತಿದರೆ ಪುಟ ಕಪ್ಪಾಗಿ ಅಕ್ಷರ ಬೆಳ್ಳಗಾಗುತ್ತದೆ. ಅವರಿಗೆ ಕಣ್ಣು ಕೋರೈಸದೆ ಓದಲು ಇದೇ ಸುಲಭ. ಟಿವಿಯ ಬೆಳಕನ್ನೂ ಅರ್ಧಕ್ಕಿಂತ ಕೆಳಗಿಳಿಸಿದ್ದೇವೆ. ಮಾತ್ರೆಯ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ ಓದಬೇಕಾದರೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕ್ಯಾಮೆರಾ ತೆರೆದು ಟಿವಿಗೆ ಕಾಸ್ಟ್ ಮಾಡಿದರೆ ಸಾಕು. ಯಾವ ಮಾತ್ರೆ ರಾತ್ರಿಯದು ಅಂತ ಈಗ ಅವರು ಯಾರನ್ನೂ ಕೇಳಬೇಕಿಲ್ಲ.

ಅಪ್ಪನಿಗೆ ನಿಜವಾದ ಹಬ್ಬ ಸಂಜೆ ಐದಕ್ಕೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟಗಳು. ಇಷ್ಟು ದೊಡ್ಡದಾಗಿ ಅಪ್ಪ ಆ ಅಕ್ಷರಗಳನ್ನು ಕೆಲಸದಲ್ಲಿದ್ದಾಗಲೂ ನೋಡಿರಲಿಲ್ಲವಂತೆ. ಕಥೆ ಓದುವುದಕ್ಕಿಂತ ಹೆಚ್ಚಾಗಿ ಅಚ್ಚು ಓದುತ್ತಾರೆ. ‘ಇಲ್ಲಿ ನೋಡು, ಮೊಳೆ ಸವೆದಿದೆ. ಇಲ್ಲಿ ಒತ್ತು ಮುರಿದಿದೆ, ಬೇರೆ ಕೇಸಿನಿಂದ ತಂದು ಹಾಕಿದ್ದಾನೆ ಪುಣ್ಯಾತ್ಮ.’ ಅವರು ಬೆರಳಿಟ್ಟ ಕಡೆ ನಾನು ನೋಡಿದರೆ ನನಗೇನೂ ವ್ಯತ್ಯಾಸ ಕಾಣಲ್ಲ. ನನ್ನ ಕಣ್ಣು ಪೂರ್ತಿ ಸರಿಯಾಗಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಇದೆ.

ಜಗಳ ಇಲ್ಲ ಅಂತಲ್ಲ. ಏಳು ಗಂಟೆಗೆ ಅಧ್ಯಾಯದ ನಡುವೆ ಎಬ್ಬಿಸಿದರೆ ಅಪ್ಪನಿಗೆ ಸಿಟ್ಟು. ನನ್ನ ಮೀಟಿಂಗ್ ಐದೂವರೆಗೆ ಎಳೆದರೆ ಹಿಂದೆ ಕುರ್ಚಿ ಎಳೆಯುವ ಸದ್ದು. ಕ್ರಿಕೆಟ್ ಇದ್ದ ದಿನ ವೇಳಾಪಟ್ಟಿಗೆ ಬೆಲೆಯೇ ಇಲ್ಲ. ‘ಇನ್ನೊಂದು ಟಿವಿ ತಗೊಳ್ಳಿ’ ಅಂತ ಮನೆಗೆ ಬಂದವರೆಲ್ಲ ಹೇಳುತ್ತಾರೆ. ಅಮ್ಮನಿಗೆ ಅದು ಇಷ್ಟವಿಲ್ಲ. ಅಪ್ಪ ರೂಮಿನೊಳಗೆ ಒಬ್ಬರೇ ಓದುತ್ತಾ ಕೂತರೆ, ಪುಟ ಎಷ್ಟು ನಿಧಾನ ತಿರುಗುತ್ತಿದೆ ಅಂತ ತನಗೆ ಗೊತ್ತಾಗಲ್ಲ ಅನ್ನೋದು ಅವಳ ಕಾರಣ.

ಪುಟ ನಿಧಾನವಾಗುತ್ತಿರೋದು ನಿಜ. ಶುರುವಿನಲ್ಲಿ ಝೂಮ್ ನೂರೈವತ್ತು ಇತ್ತು. ಆಮೇಲೆ ಇನ್ನೂರೈವತ್ತು ಆಯಿತು. ಈ ಯುಗಾದಿಯ ಹೊತ್ತಿಗೆ ಮುನ್ನೂರು ದಾಟಿದೆ. ಅಕ್ಷರಗಳು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿವೆ, ಅಷ್ಟಗಲದ ಪರದೆಯಲ್ಲಿ ಒಂದು ಸಾಲಿಗೆ ಐದು ಪದ ಹಿಡಿಯುತ್ತವೆ. ಸಂಖ್ಯೆ ಏರುವುದನ್ನು ನಾವು ಮೂವರೂ ನೋಡುತ್ತಿದ್ದೇವೆ, ಯಾರೂ ಅದರ ಮಾತೆತ್ತಲ್ಲ. ಮೊನ್ನೆ ನಾನೇ ಮೆಲ್ಲಗೆ, ‘ಸಾಲು ತೀರಾ ಚಿಕ್ಕದಾಯ್ತೇನಪ್ಪಾ?’ ಅಂದೆ. ಪರದೆಯಿಂದ ಮುಖ ತೆಗೆಯದೆ, ‘ಪ್ರೂಫ್ ನೋಡುವಾಗ ಒಂದೊಂದೇ ಪದ ನೋಡ್ತಿದ್ದೆ ಕಣೇ’ ಅಂದರು. ‘ಈಗ ಐದು ಸಿಗ್ತಿದೆ.’