ಪರದೇಶದ ಕಡಲಿನಲ್ಲಿ ಗಾಳದ ಪರವಾನಗಿ

ಕುಮಟೆಯ ಕಡಲ ತಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಗಾಳ ಹಾಕುವುದು ಬಾಲ್ಯದಿಂದಲೂ ಪರಿಚಿತವಾದ ವಿನೋದ. ಬಿದಿರಿನ ಕೋಲು, ದಾರ, ಸಂಸ್ಕೃತದಲ್ಲಿ ಬಡಿಶವೆನ್ನಿಸಿಕೊಳ್ಳುವ ಸಣ್ಣದೊಂದು ಕೊಕ್ಕೆ, ಇಷ್ಟಿದ್ದರೆ ಅಘನಾಶಿನಿಯ ಅಳಿವೆಯ ಬಳಿ ಸಂಜೆಯು ಸುಖವಾಗಿ ಕಳೆಯುತ್ತಿತ್ತು. ಅದಕ್ಕಾಗಿ ನಾವು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಕೇಳಬೇಕೆಂದು ನಮಗೆ ಹೇಳಿದವರೂ ಇರಲಿಲ್ಲ. ಆದುದರಿಂದ ಸಮುದ್ರವೆಂಬುದು ಯಾರ ಸೊತ್ತೂ ಅಲ್ಲವೆಂದೇ ಅರುವತ್ತು ವರುಷ ನಂಬಿದ್ದೆವು. ಆ ನಂಬಿಕೆಯು 2023ನೆಯ ಜನವರಿಯಲ್ಲಿ ಅಮೆರಿಕೆಯ ಫ್ಲಾರಿಡಾ ಸಂಸ್ಥಾನದಲ್ಲಿ ತಿದ್ದುಪಡಿಯನ್ನು ಹೊಂದಿದ ಬಗೆಯನ್ನು ವಾಚಕರಿಗೆ ನಿವೇದಿಸುತ್ತೇವೆ.

ನಮ್ಮ ಮಗನ ವಾಸವು ಟ್ಯಾಂಪಾ ನಗರದಲ್ಲಿ. ಅಲ್ಲಿಯ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸನ್‌ಶೈನ್ ಸ್ಕೈವೇ ಎಂಬ ಮಹಾಸೇತುವೆಯು ಹಳದಿ ಬಣ್ಣದ ಹುರಿಗಳಿಂದ ತೂಗಿಕೊಂಡು ನಿಂತಿದೆ. 1987ರಲ್ಲಿ ತೆರೆದ ಈ ಸೇತುವೆಯ ಮಗ್ಗುಲಲ್ಲಿ ಹಳೆಯ ಸೇತುವೆಯ ಶೇಷಗಳಿವೆ. 1980ನೆಯ ಮೇ 9ರ ಬೆಳಗ್ಗೆ ಬಿರುಗಾಳಿ ಮಳೆಯಲ್ಲಿ ಸಮಿಟ್ ವೆಂಚರ್ ಎಂಬ ಸರಕಿನ ಹಡಗು ಅದರ ಕಂಬಕ್ಕೆ ಬಡಿಯಲು, ಹಾದಿಯು ಕುಸಿದು 35 ಜನರು ಮೃತರಾದರು. ಅಳಿದುಳಿದ ತುದಿಗಳನ್ನು ಸರಕಾರವು ಗಾಳ ಹಾಕುವವರ ಕಟ್ಟೆಗಳನ್ನಾಗಿ ಮಾರ್ಪಡಿಸಿತು. ಜನರ ಕಣ್ಣೀರಿಗೆ ಕಾರಣವಾದ ಸ್ಥಳದಲ್ಲಿ ಇಂದು ಮುದುಕರೂ ಮಕ್ಕಳೂ ಹೆಜ್ಜಾರ್ಲೆಗಳೊಂದಿಗೆ ಮೀನಿಗಾಗಿ ಕಾಯುತ್ತ ನಿಲ್ಲುವುದನ್ನು ಕಂಡಾಗ ಕಾಲದ ಮಹಿಮೆಗೆ ಮನಸ್ಸು ಬಾಗುತ್ತದೆ.

ಮೊದಲನೆಯ ದಿವಸ ಪ್ರವೇಶದ ಹಣವನ್ನು ತೆತ್ತು, ಹತ್ತು ವರುಷದ ಮೊಮ್ಮಗನೊಡನೆ ಆ ಕಟ್ಟೆಯ ಮೇಲೆ ಗಾಳ ಹಾಕಿದೆವು. ಯಾರೂ ಚೀಟಿಯನ್ನು ಕೇಳಲಿಲ್ಲ. ಮರುದಿನ ಸೇತುವೆಯ ಬುಡದ ದಡದಲ್ಲಿ ಇಳಿದು ಕೋಲನ್ನು ಬಿಚ್ಚುತ್ತಿರುವಾಗಲೇ ಮಗನು, "ಅಪ್ಪಾ, ಇಲ್ಲಿ ನೀವು ಪರವಾನಗಿಯಿಲ್ಲದೆ ಗಾಳ ಹಾಕುವ ಹಾಗಿಲ್ಲ" ಎಂದನು. ಅದೇ ಕಡಲು, ಅದೇ ಮೀನು. ನಿನ್ನೆ ಇಲ್ಲದ ನಿಷೇಧ ಇಂದೇಕೆ?

ಮಗನು ವಿವರಿಸಿದ ನಿಬಂಧನೆಯ ಸಾರವಿದು. ಆ ಕಟ್ಟೆಗೆಂದು ಒಟ್ಟಾಗಿ ಒಂದು ಪರವಾನಗಿಯಿರುವುದರಿಂದ ಅದರ ಮೇಲೆ ನಿಂತವರೆಲ್ಲರೂ ಅದರ ನೆರಳಿನಲ್ಲಿರುತ್ತಾರೆ. ಪರವಾನಗಿಯುಳ್ಳ ಬಾಡಿಗೆಯ ದೋಣಿಯಲ್ಲಿ ಹೋಗುವವರಿಗೂ ಹೀಗೆಯೇ. ದಡದಲ್ಲಿಯಾದರೋ ಅವರವರ ಚೀಟಿ ಅವರವರಿಗೆ. ಹದಿನಾರು ತುಂಬದ ಮಕ್ಕಳಿಗೆ ಅದು ಬೇಕಿಲ್ಲ. ಸಂಸ್ಥಾನದ ನಿವಾಸಿಗೆ ದಡದ ಚೀಟಿಯು ಧರ್ಮಾರ್ಥವಾಗಿ ದೊರೆಯುತ್ತದೆ. ಹೊರಗಿನವನು ಮಾತ್ರ ಮೂರು ದಿನಕ್ಕೆ 17 ಡಾಲರು, ಏಳು ದಿನಕ್ಕೆ 30, ವರುಷಕ್ಕೆ 47 ಕೊಡಬೇಕು. ಹೊರಗಿನವನೆಂದರೆ ನಮ್ಮಂತಹ ಪರದೇಶಿಯೇ ಆಗಬೇಕಿಲ್ಲ. ನೆರೆಯ ಜಾರ್ಜಿಯಾ ಸಂಸ್ಥಾನದವನೂ ಹೊರಗಿನವನೇ. ಅರುವತ್ತೈದು ದಾಟಿದ ನಿವಾಸಿಗೆ ವಿನಾಯಿತಿಯುಂಟು. ಪರಸ್ಥಳದವನ ನರೆಗೂದಲಿಗೆ ಆ ಮರ್ಯಾದೆಯಿಲ್ಲ. ಹಿಡಿದುದನ್ನು ಮರಳಿ ಬಿಡುತ್ತೇನೆಂದರೂ, ಏನೂ ಸಿಕ್ಕಲಿಲ್ಲವೆಂದರೂ ಬಿಡುಗಡೆಯಿಲ್ಲ. ಹಿಡಿಯುವ ಯತ್ನವೇ ಹಿಡಿದಂತೆ. ವರುಷದಲ್ಲಿ ನಾಲ್ಕು ದಿನ ಎಲ್ಲರಿಗೂ ಕಡಲು ಮುಕ್ತ. ಆದರೆ ಅವು ಜೂನ್, ಸೆಪ್ಟೆಂಬರ್ ಮತ್ತು ನವೆಂಬರಿನ ಸುಮಾರಿಗೆ ಬರತಕ್ಕವು.

ಹದಿನೇಳು ಡಾಲರೆಂದರೆ ಅಂದಿಗೆ ಸುಮಾರು 1,400 ರೂಪಾಯಿ. ನಾವು ಮಾಸ್ತರಿಕೆಗೆ ಸೇರಿದಾಗ ನಮ್ಮ ತಿಂಗಳ ಸಂಬಳವು ಅದಕ್ಕಿಂತ ಕಡಿಮೆಯಿತ್ತು. ಪಕ್ಕದಲ್ಲಿ ನಿಂತಿದ್ದ ಸ್ವದೇಶದ ಮಹನೀಯರೊಬ್ಬರು ನಮ್ಮ ಮುಖವನ್ನು ನೋಡಿ, "ಮಾಸ್ತರೇ, ಮಗನ ಚೀಟಿ ಇದೆಯಲ್ಲ! ಯಾರಾದರೂ ಬಂದರೆ ಕೋಲು ಅವನದೆನ್ನಿ. ಯಾರು ನೋಡುತ್ತಾರೆ?" ಎಂದರು. ಸತ್ಯವನ್ನು ಮುಚ್ಚಿಡುವುದೇಕೆ? ನಾವು ಕೋಲನ್ನು ಕೈಗೆ ತೆಗೆದುಕೊಂಡೆವು. ಆಗ ಮೊಮ್ಮಗನು ತಲೆಯೆತ್ತಿ, "ಅಜ್ಜಾ, ನಿನಗೂ ಇನ್ನೂ ಹದಿನಾರು ತುಂಬಲಿಲ್ಲವೇ?" ಎಂದು ಕೇಳಿದನು.

ಹುಡುಗನ ದನಿಯಲ್ಲಿ ಪರಿಹಾಸ್ಯವಿರಲಿಲ್ಲ. ಕೇಳಿದ ನಿಯಮವನ್ನು ಕಂಡುದಕ್ಕೆ ಹೊಂದಿಸಿ ನೋಡಿದ್ದನು, ಅಷ್ಟೆ. ಮೂವತ್ತೈದು ವರುಷ ಮಕ್ಕಳಿಗೆ ನೀತಿಪಾಠವನ್ನು ಉರು ಹೊಡೆಸಿದ ನಮಗೆ ಉತ್ತರವು ತೋಚಲಿಲ್ಲ. ಕೋಲನ್ನು ಕೆಳಗಿಟ್ಟು ಗಾಳದ ಸಾಮಾನಿನ ಅಂಗಡಿಗೆ ನಡೆದೆವು.

ದಾರಿಯಲ್ಲಿ ಮನಸ್ಸು ಮಾತ್ರ ಗೊಣಗುತ್ತಲೇ ಇತ್ತು. ಮನೆಯವನಿಗೆ ಪುಕ್ಕಟೆ, ಅತಿಥಿಗೆ ಸುಂಕ, ಇದಾವ ಧರ್ಮ? ಮಗನು ಸಮಾಧಾನ ಹೇಳಿದನು: "ಇಲ್ಲಿರುವವರು ಈ ಸಂಸ್ಥಾನಕ್ಕೆ ವರುಷವಿಡೀ ಕರ ಕೊಡುತ್ತಾರೆ, ಅಪ್ಪಾ. ಬಂದು ಹೋಗುವವರು ಮೀನನ್ನು ಒಯ್ಯುತ್ತಾರೆ; ಮೀನು ಮರಳಿ ಬೆಳೆಯುವ ಖರ್ಚನ್ನು ಯಾರು ಕೊಡಬೇಕು?" ಗಾಳದ ಕೋಲು ಮುಂತಾದ ಸಲಕರಣೆಗಳ ಮೇಲಿನ ಕರವನ್ನು ಮೀನಿನ ರಕ್ಷಣೆಗೆಂದೇ ಸಂಸ್ಥಾನಗಳಿಗೆ ಹಂಚಬೇಕೆಂದು 1950ರಲ್ಲಿ ಅಮೆರಿಕೆಯಲ್ಲಿ ಕಾಯಿದೆಯಾಯಿತು. ಹಂಚಿಕೆಯಲ್ಲಿ ನೂರಕ್ಕೆ ಅರುವತ್ತು ಪಾಲು ಹಣ ತೆತ್ತು ಪರವಾನಗಿ ಪಡೆದವರ ಸಂಖ್ಯೆಯನ್ನೂ, ಉಳಿದ ನಲವತ್ತು ಸಂಸ್ಥಾನದ ವಿಸ್ತಾರವನ್ನೂ ಅನುಸರಿಸುತ್ತದೆ. ಅಂದರೆ ನಮ್ಮ ಚೀಟಿಯೂ ಆ ಗಣನೆಯಲ್ಲೊಂದು.

ಆಗ ನಮಗೆ ಕೌಟಿಲ್ಯನು ನೆನಪಾದನು. ಮೈಸೂರಿನ ಪುಸ್ತಕಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ, ಮೀನು ಹಿಡಿಯುವವರು ಆರನೆಯ ಒಂದು ಪಾಲನ್ನು ಅರಸನಿಗೆ ಕೊಡಬೇಕೆಂಬ ವಿಧಿಯಿದೆ. ನೀರಿನ ಮೀನಿಗೂ ಲೆಕ್ಕವುಂಟೆಂಬುದು ಹೊಸ ಮಾತಲ್ಲ. ಓದಿಯೂ ನಾವು ಅರಿತಿರಲಿಲ್ಲ. ನಮ್ಮ ಕರ್ನಾಟಕದಲ್ಲಿಯೂ 1986ರ ಕಾಯಿದೆಯ ಮೇರೆಗೆ ಕಡಲಿಗೆ ಹೋಗುವ ದೋಣಿಗಳಿಗೆ ಪರವಾನಗಿಯುಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ತಡೆಯುಂಟು. ಬಂಡೆಯ ಮೇಲಿನ ಹುಡುಗನಿಗೆ ಮಾತ್ರ ಅದರ ಅರಿವಿರುವುದಿಲ್ಲ.

ಚೀಟಿಯನ್ನು ಜೇಬಿನಲ್ಲಿಟ್ಟು ಸಂಜೆ ಗಾಳ ಹಾಕಿದೆವು. ಬಹಳ ಹೊತ್ತಿನ ಮೇಲೆ ಮೈಮೇಲೆ ಕಪ್ಪು ಪಟ್ಟೆಗಳೂ ಬಾಯಲ್ಲಿ ಮನುಷ್ಯರವುಗಳಂತಹ ಹಲ್ಲುಗಳೂ ಇರುವ ಶೀಪ್ಸ್‌ಹೆಡ್ ಎಂಬ ಮೀನೊಂದು ಸಿಕ್ಕಿತು. ಹನ್ನೆರಡು ಅಂಗುಲಕ್ಕೆ ಕಡಿಮೆಯಾದುದನ್ನು ಇಟ್ಟುಕೊಳ್ಳುವಂತಿಲ್ಲ. ಮೊಮ್ಮಗನು ಅಳತೆಪಟ್ಟಿಯನ್ನು ಹಿಡಿದನು; ಹತ್ತೇ ಅಂಗುಲ. "ಬಿಡು ತಮ್ಮಾ" ಎಂದೆವು. ಅವನು ಎರಡೂ ಕೈಗಳಿಂದ ಅದನ್ನು ನೀರಿಗೆ ಇಳಿಸಿದನು.

ಬರಿಗೈಯಲ್ಲಿ ಮನೆಗೆ ಬಂದೆವು. ಆದರೂ ಹದಿನೇಳು ಡಾಲರು ದಂಡವಾಯಿತೆಂದು ಅನ್ನಿಸಲಿಲ್ಲ. ಪರದೇಶಕ್ಕೆ ಮಕ್ಕಳ ಮನೆಗೆ ಹೋಗುವ ಗೃಹಸ್ಥರು ಗಾಳಕ್ಕಿಂತ ಮೊದಲು ಚೀಟಿಯನ್ನು ಪಡೆಯಲಿ. ಅಧಿಕಾರಿಯು ನೋಡದಿರಬಹುದು, ಮೊಮ್ಮಕ್ಕಳು ನೋಡುತ್ತಿರುತ್ತಾರೆ.