ಗಂಡಭೇರುಂಡದ ಬಿಲ್ಲೆ ತೊಟ್ಟವರು

ನಾವು ಚಿಕ್ಕವರಿದ್ದಾಗ ತುರುವೇಕೆರೆ ಸೀಮೆಯ ಸಂಪಿಗೆ ಊರಿನ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಒಬ್ಬರು ‘ಮಿಲ್ಟ್ರಿ ತಾತ’ ಇದ್ದೇ ಇರುತ್ತಿದ್ದರು. ಖಾಕಿ ಕೋಟು ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಹಿತ್ತಾಳೆ ಗುಂಡಿಗಳು ಮಾತ್ರ ಫಳಫಳ. ತೋಟಕ್ಕೆ ನೀರು ಕಟ್ಟಲು ಹೊರಟರೂ ನಡಿಗೆಯಲ್ಲಿ ಕವಾಯತಿನ ಬಿಗಿ. ನಮ್ಮ ಬೀದಿಯ ತಾತ ಮೈಸೂರು ಇನ್‌ಫೆಂಟ್ರಿಯಲ್ಲಿ ಇದ್ದು ಬಂದವರು. ಅಟ್ಟದಿಂದ ಕೊಬ್ಬರಿ ಇಳಿಸಿ ಚಿಪ್ಪು ಒಡೆಯುವ ದಿನ ಮಕ್ಕಳೆಲ್ಲ ಸುತ್ತ ಕೂತರೆ, ಅವರ ಬಾಯಿಂದ ಸಿಂಗಪುರ ಹೊರಬರುತ್ತಿತ್ತು. “ಅಲ್ಲೂ ತೆಂಗಿನ ಮರ ಅವೆ ಕಣ್ರೋ. ನೋಡ್ದಾಗೆಲ್ಲ ಊರು ನೆನಪಾಗದು” ಅನ್ನುತ್ತಿದ್ದರು. ಅಷ್ಟು ಹೇಳಿ ಮತ್ತೆ ಕತ್ತಿ ಕೈಗೆತ್ತಿಕೊಳ್ಳುತ್ತಿದ್ದರು.

ಆ ಮೌನದ ಹಿಂದೆ ಏನಿತ್ತೆಂದು ತಿಳಿದದ್ದು ದೊಡ್ಡವನಾಗಿ ಪುಸ್ತಕ ತಿರುವಿದ ಮೇಲೆ. ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯನ್ನು ಮಲಯಕ್ಕೆ ಕಳಿಸಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿದಾಗ ನಮ್ಮವರೂ ಸೆರೆಯಾದರು. ಯುದ್ಧ ಮುಗಿದದ್ದು 1945ರಲ್ಲಿ. ರಾಗಿ ಮುದ್ದೆ ತಿಂದು ಬೆಳೆದ ಹುಡುಗರು ಅಷ್ಟು ವರ್ಷ ಏನು ತಿಂದು ಬದುಕಿದರೋ! ಮನೆಯಲ್ಲಿ ಕಾದ ಹೆಂಗಸರ ಪಾಡನ್ನಂತೂ ಯಾವ ಇತಿಹಾಸಕಾರನೂ ಬರೆದಿಟ್ಟಿಲ್ಲ.

ಮೈಸೂರಿನ ಈ ಪಡೆಗೆ ಹಳೆಯ ಬೇರಿತ್ತು. ಸಂಸ್ಥಾನದಲ್ಲಿ ಕುದುರೆ ಪಡೆಯವರನ್ನು ಸಿಲ್ಲೇದಾರರೆಂದೂ ಕಾಲಾಳುಗಳ ಪಡೆಯನ್ನು ಬಾರ್ ಎಂದೂ ಕರೆಯುತ್ತಿದ್ದರು. ಕುದುರೆ ಸವಾರರಿಗೆ ಕೀರ್ತಿ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್‌ಗೆ ದೆಹಲಿಯ ತೀನ್ ಮೂರ್ತಿಯಲ್ಲೇ ಪ್ರತಿಮೆಯಿದೆ, ಸಿಗಲೇಬೇಕಾದ ಗೌರವ ಅದು. ಆದರೆ ಸೋತ ಕೋಟೆಯಲ್ಲಿ ನಿಂತು ಸೆರೆಮನೆ ಸೇರಿದ ಕಾಲಾಳುಗಳನ್ನು ಯಾರು ನೆನೆಯುತ್ತಾರೆ? ಗೆದ್ದವರಿಗೆ ಕಲ್ಲಿನ ಕಂಬ, ನರಳಿದವರಿಗೆ ಮರೆವು. ಇದು ನ್ಯಾಯವಲ್ಲ.

ಇಂಗ್ಲೆಂಡಿನವರನ್ನು ನೋಡಿ. ಅವರ 52ನೇ ರೆಜಿಮೆಂಟು 1791ರ ಡಿಸೆಂಬರಿನಲ್ಲಿ ನಮ್ಮ ಸಾವನದುರ್ಗಕ್ಕೆ ಲಗ್ಗೆ ಹಾಕಿದ ಪಡೆ. 1803ರಲ್ಲಿ ಶಾರ್ನ್‌ಕ್ಲಿಫ್‌ನಲ್ಲಿ ಸೇನಾನಿ ಜಾನ್ ಮೂರ್ ಅದನ್ನು ಹಗುರ ಹೊರೆಯ, ಚುರುಕು ಕಾಲಿನ ಲೈಟ್ ಇನ್‌ಫೆಂಟ್ರಿಯಾಗಿ ತಿದ್ದಿದ. 1881ರಲ್ಲಿ ಅದು ಆಕ್ಸ್‌ಫರ್ಡ್‌ಶೈರ್ ಲೈಟ್ ಇನ್‌ಫೆಂಟ್ರಿಯೊಳಗೆ ಸೇರಿತು, ಮುಂದೆ ಒಂದಾದ ಮೇಲೊಂದು ಹೆಸರು ಬದಲಿಸಿ 2007ರಲ್ಲಿ ‘ದ ರೈಫಲ್ಸ್’ನಲ್ಲಿ ಕರಗಿತು. ಅಲ್ಲಿಯೂ ಹಳಬರು ಹೆಸರು ಹೋಯಿತೆಂದು ಮರುಗಿದ್ದಿರಬೇಕು. ಆದರೂ ವುಡ್‌ಸ್ಟಾಕ್‌ನಲ್ಲಿ ಆಕ್ಸ್‌ಫರ್ಡ್‌ಶೈರ್ ಸೈನಿಕರಿಗೆಂದೇ ವಸ್ತುಸಂಗ್ರಹಾಲಯವಿದೆ. ಅವರ ಯುದ್ಧಗೌರವಗಳ ಪಟ್ಟಿಯಲ್ಲಿ ‘ಮೈಸೂರು’ ಇದೆ! ನಮ್ಮ ನಾಡನ್ನು ಮುರಿದವರು ನಮ್ಮ ಹೆಸರನ್ನು ಜೋಪಾನ ಮಾಡಿದ್ದಾರೆ. ನಾಡಿಗಾಗಿ ಗಂಡಭೇರುಂಡದ ಬಿಲ್ಲೆ ತೊಟ್ಟವರ ಹೆಸರು ಮಾತ್ರ ನಮ್ಮ ಹಳ್ಳಿಯಲ್ಲೇ ಅಳಿಸುತ್ತಿದೆ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ಪಡೆಗಳು ಭಾರತದ ಸೇನೆಯಲ್ಲಿ ಸೇರಿದವು. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ದೇಶ ಒಂದಾದ ಮೇಲೆ ಸೇನೆಯೂ ಒಂದಾಗಬೇಕಾದದ್ದೇ, ಅದಕ್ಕೆ ಬೇಸರವಿಲ್ಲ. ಪಡೆ ಇಂದಿಗೂ ಇದೆ, ಕಾವಲು ನಿಂತಿದೆ. ಆದರೂ ಊರ ಹೆಸರು ಹೋಗಿ ಸಂಖ್ಯೆ ಉಳಿದಾಗ, ತೆಂಗಿನ ಸುಳಿ ಕಿತ್ತಂತೆ ಏನೋ ಒಂದು ಒಣಗುತ್ತದೆ.

ನಮ್ಮ ಸೀಮೆಯೂ ಬದಲಾಗಿದೆ. ಈಗ ತಿಪಟೂರಿನಲ್ಲಿ ಕೊಬ್ಬರಿ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಧಾರಣೆ ತೋಟದಲ್ಲಿದ್ದಾಗಲೇ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ರೈತ ದಲ್ಲಾಳಿಯ ಮುಖ ನೋಡುತ್ತಾ ಕಾಯಬೇಕಿಲ್ಲ. ಮಕ್ಕಳು ಬೆಂಗಳೂರು ಸೇರಿದರು, ತೊಟ್ಟಿಮನೆ ಕೆಡವಿ ತಾರಸಿ ಹಾಕಿದರು. ಆ ಗಡಿಬಿಡಿಯಲ್ಲಿ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಗುಜರಿ ಸೇರಿತು. ಅದರೊಳಗೆ ಪದಕವಿತ್ತೋ, ಬಿಡುಗಡೆ ಪತ್ರವಿತ್ತೋ, ತೆಗೆದು ನೋಡಿದವರು ಕಡಿಮೆ. ನಮ್ಮ ಬೀದಿಯ ತಾತನ ಟ್ರಂಕೂ ಹಾಗೇ ಹೋಯಿತು.

ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯ ಬಂಧುಗಳೇ, ನಿಮ್ಮ ಮನೆಯಲ್ಲಿ ಅಂಥದೊಂದು ಟ್ರಂಕು ಇನ್ನೂ ಉಳಿದಿದ್ದರೆ ಗುಜರಿಯವನನ್ನು ಕರೆಯುವ ಮುಂಚೆ ಮುಚ್ಚಳ ತೆಗೆಯಿರಿ. ಪದಕ, ಬಿಲ್ಲೆ, ಮಾಸಿದ ಕಾಗದ ಏನೇ ಸಿಗಲಿ, ಫೋಟೋ ತೆಗೆದಿಡಿ. ಅದು ಯಾರದು, ಯಾವ ಪಡೆಯಲ್ಲಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಹೇಳಬಲ್ಲ ಹಿರಿಯರೂ ಈಗ ಹೆಚ್ಚು ಮಂದಿ ಉಳಿದಿಲ್ಲ.