ಎಣ್ಣೆ ಕಂಡ ಕಬ್ಬಿಣ

ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಒಂದು ಬಾರ್, ಎಂಟು ಪ್ಲೇಟು, ಒಂದು ಬೆಂಚು, ಗೋಡೆಗೊರಗಿಸಿದ ಕನ್ನಡಿ ಇವೆ. ಎದುರು ಮನೆಯವರು ಅದನ್ನು ಜಿಮ್ಮು ಅನ್ನುತ್ತಾರೆ, ಅಮ್ಮ ಗುಜರಿ ಅನ್ನುತ್ತಾಳೆ. ವರ್ಷದಲ್ಲಿ ನಾಲ್ಕು ತಿಂಗಳ ಮಟ್ಟಿಗಾದರೂ ಅಮ್ಮನ ಮಾತೇ ನಿಜ.

ಒಂದು ಶ್ರಾವಣದಲ್ಲಿ ಮದುವೆ ಓಡಾಟಕ್ಕೆಂದು ಹದಿನೈದು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಬಾರ್‌ಗೆ ತುಕ್ಕು. ಅದೂ ಎಲ್ಲ ಕಡೆಗಲ್ಲ. ನಾನು ಹಿಡಿಯುವ ಎರಡು ಜಾಗದಲ್ಲಿ, ಸರಿಯಾಗಿ ಅಂಗೈಯಗಲ, ಗೋಡೆ ಮೇಲೆ ಮಗು ಕೈಯೊತ್ತಿದ ಹಾಗೆ. ಕೈ ಜಾರದಿರಲೆಂದು ಅಲ್ಲಿ ಲೇತಿನಲ್ಲಿ ಅಡ್ಡಡ್ಡ ಗೀರು ಹಾಕಿರುತ್ತಾರೆ. ಆ ಗೀರುಗಳ ಸಂದಿಯಲ್ಲಿ ಬೆವರಿನ ಉಪ್ಪು ಕೂತಿತ್ತು. ಅದರ ಮೇಲೆ ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ, ಅಂದರೆ ಮ್ಯಾಗ್ನೀಷಿಯಂ ಕಾರ್ಬೊನೇಟು, ಮಳೆಗಾಲದ ತೇವವನ್ನೆಲ್ಲ ಹೀರಿಕೊಂಡು ಹೊದ್ದು ಮಲಗಿತ್ತು. 20 ಕೆ.ಜಿ.ಯ ಉಕ್ಕನ್ನು ನಾನು ಭಾರ ಹೇರಿ ಬಗ್ಗಿಸಿಲ್ಲ. ಬೆವರು ಸುರಿಸಿಯೇ ಕೆಡಿಸಿದ್ದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ದೋಸೆ ಕಾವಲಿ ತೊಳೆದು ಒದ್ದೆ ಬಿಟ್ಟರೆ ಏನಾಗತ್ತೋ ಅದೇ ಆಗಿದೆ. ಒರೆಸಿ ಎಣ್ಣೆ ಸವರಿಡೋದಲ್ವೇನೋ?"

ಇಷ್ಟು ವರ್ಷ ಕಾವಲಿಯ ದೋಸೆ ತಿಂದಿದ್ದೆನೇ ಹೊರತು ಕಾವಲಿಯನ್ನು ನೋಡಿರಲಿಲ್ಲ. ಹಳೇ ಟೂತ್‌ಬ್ರಷ್ ಹಿಡಿದು ಕೂತೆ. ತಂತಿ ಬ್ರಷ್ಷಿನಲ್ಲಿ ಗಸಗಸ ಉಜ್ಜಿದರೆ ತುಕ್ಕಿನ ಜೊತೆಗೆ ಮೇಲಿನ ಲೇಪವೂ ಎದ್ದುಹೋಗುತ್ತದೆ, ಆಮೇಲೆ ತುಕ್ಕಿಗೆ ಹಬ್ಬ. ಹಾಗಾಗಿ ಗೀರಿನ ಜಾಡು ಹಿಡಿದು ಮೆಲ್ಲಗೆ ಉಜ್ಜಬೇಕು. ಅರ್ಧ ಗಂಟೆಯ ಹೊತ್ತಿಗೆ ಭುಜ ಹಿಡಿದುಕೊಂಡಿತು. ಎತ್ತುವಾಗ ಇಷ್ಟು ನೋವು ಬಂದಿದ್ದರೆ ಇಷ್ಟು ಹೊತ್ತಿಗೆ ಪೈಲ್ವಾನನಾಗಿರುತ್ತಿದ್ದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಮ್ಮ ಎಣ್ಣೆ ಅಂದಳಲ್ಲ, ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನು ಬಾರಿನ ಎರಡೂ ತುದಿಗೆ ಧಾರಾಳವಾಗಿ ಕುಡಿಸಿದೆ. ಪ್ಲೇಟು ಸಿಕ್ಕಿಸುವ ಆ ತುದಿಗಳು ದಂಡದ ಮೇಲೆ ತಮ್ಮಷ್ಟಕ್ಕೆ ತಿರುಗುತ್ತಿರಬೇಕು. ಹಿಂದೆ ಹಾಗಿರಲಿಲ್ಲ. ಸರ್ಕಸ್ ಮಲ್ಲರ ಕಾಲದಲ್ಲಿ ದಂಡಕ್ಕೆ ಎರಡು ಗುಂಡು, ಗುಂಡಿನೊಳಗೆ ಮರಳೋ ಸೀಸದ ಚೂರೋ. ದಂಡವನ್ನು ಎದೆಗೆಳೆದುಕೊಂಡು ಮಣಿಕಟ್ಟು ಹೊರಳಿಸಿದರೆ ಅಷ್ಟೂ ಭಾರ ಜೊತೆಗೇ ಹೊರಳಿ ಕೈ ತಿರುಚುತ್ತಿತ್ತು. ಜರ್ಮನಿಯ ಕಾಸ್ಪರ್ ಬರ್ಗ್ ತುದಿ ತಿರುಗುವ ಬಾರ್ ಮಾಡಿದ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಎತ್ತಿದ್ದು ಅದನ್ನೇ. ಅವನ ಜಾಣತನವನ್ನು ನಾನು ಒಂದು ಬಟ್ಟಲು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿದೆ. ಡಿಸೆಂಬರ್ ಬಂತು. 24 ಡಿಗ್ರಿಯ ಕೆಳಗೆ ಆ ಎಣ್ಣೆ ಏನಾಗುತ್ತದೆಂದು ಬಚ್ಚಲುಮನೆಯ ಶೀಶೆ ನೋಡಿದ ಯಾರಿಗಾದರೂ ಗೊತ್ತು. ಬೆಳಿಗ್ಗೆ ಆರಕ್ಕೆ ಬಾರ್ ಎತ್ತಿದರೆ ತುದಿ ಅಲ್ಲಾಡಲೊಲ್ಲದು, ಒಳಗೆಲ್ಲ ಬೆಣ್ಣೆ. ಕೊನೆಗೆ ಸರ್ಕ್ಲಿಪ್ ಬಿಚ್ಚಿ, ಬುಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮಿಷನ್ನಿನ ಎಣ್ಣೆ ಎರಡೇ ತೊಟ್ಟು ಬಿಟ್ಟೆ. ಬೆರಳಲ್ಲಿ ತಟ್ಟಿದರೆ ಬುಗುರಿಯಂತೆ ತಿರುಗಿತು.

"ಕಾವಲಿಗೆ ನಾನು ಯಾವತ್ತಾದ್ರೂ ಕೊಬ್ಬರಿ ಎಣ್ಣೆ ಹಾಕಿದ್ದು ನೋಡಿದೀಯಾ?" ಎಂದಳು ಅಮ್ಮ.

ನಮ್ಮ ಮನೆಗೆ ಕಬ್ಬಿಣದ ಹುಚ್ಚು ತಂದವರು ತಾತ. ಅವರು ಗರಡಿಯಲ್ಲಿ ಸಾಮು ಮಾಡಿದವರು. ಅಲ್ಲಿ ಮಟ್ಟಿಗೂ, ಅಂದರೆ ಕುಸ್ತಿಯ ಮಣ್ಣಿಗೂ, ಎಣ್ಣೆಯ ಉಪಚಾರ. ಕೆಮ್ಮಣ್ಣನ್ನು ಅಗೆದು ಸಡಿಲ ಮಾಡಿ, ಅರಿಶಿನ, ಎಳ್ಳೆಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಬೇಕು. ಆಮೇಲೆ ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಫೋಟೋ ನೋಡಿ ಮನಸ್ಸು ಕಬ್ಬಿಣಕ್ಕೆ ಹೊರಳಿತಂತೆ. ಈಗಿನ ಓದುಗರಿಗೆ ಅಯ್ಯರ್ 'ಶಾಂತಲಾ', 'ರೂಪದರ್ಶಿ' ಬರೆದವರು. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ್ದೂ ಅವರೇ, ಕೈಲಾಸಂ ಅವರ ಆಪ್ತರೂ ಹೌದು. ಕಾದಂಬರಿಯನ್ನೂ ಬಾರ್‌ಬೆಲ್ಲನ್ನೂ ಒಂದೇ ಕೈಯಲ್ಲಿ ಎತ್ತಿದ ಇನ್ನೊಬ್ಬರು ನಮ್ಮಲ್ಲಿ ನನಗಂತೂ ನೆನಪಾಗುತ್ತಿಲ್ಲ.

ತಾತ ಕೊಂಡ ಜೋಡಿ ಡಂಬೆಲ್ಲಿನಲ್ಲಿ ಈಗ ಒಂದು ಉಳಿದಿದೆ. ಗಂಟೆಯ ಹಗ್ಗ ಎಳೆಯುವ ಕಸರತ್ತನ್ನು ಗಂಟೆಯಿಲ್ಲದೆ ಮಾಡಲು ಇಂಗ್ಲೆಂಡಿನವರು ಕಟ್ಟಿಕೊಂಡ ಸಾಧನದಿಂದ ಆ ಹೆಸರು ಬಂತಂತೆ, ಮೂಕ ಗಂಟೆ ಅಂತ. ಕನ್ನಡದ ಕಿವಿಗೆ ಡಂಬವೇ ಮೊದಲು ಕೇಳುತ್ತದೆ, ತಪ್ಪೇನಿಲ್ಲ. ನಮ್ಮಲ್ಲಿ ಅದು ಆಷಾಢದ ಗಾಳಿಗೆ ಅಡುಗೆಮನೆಯ ಹಿತ್ತಿಲ ಬಾಗಿಲು ಬಡಿಯದಂತೆ ತಡೆಯುತ್ತದೆ. ಮಳೆಯ ಎರಚಲು ಬಡಿದರೂ ಅದಕ್ಕೆ ತುಕ್ಕಿನ ಚುಕ್ಕೆಯಿಲ್ಲ, ಕಾವಲಿಯಷ್ಟೇ ಕಪ್ಪು, ಅಷ್ಟೇ ನುಣುಪು. ಹೇಗೆಂದು ಬಹಳ ದಿನ ಹೊಳೆದಿರಲಿಲ್ಲ. ಕಾವಲಿಗೆ ಎಣ್ಣೆ ಸವರುವ ಅರ್ಧ ಈರುಳ್ಳಿಯಲ್ಲಿ ಅಮ್ಮ ಅದಕ್ಕೂ ಒಂದು ಸುತ್ತು ಹಾಕುವುದನ್ನು ಮೊನ್ನೆ ಕಂಡೆ.

ಆಯುಧಪೂಜೆಯ ದಿನ ಸ್ಕೂಟರು, ಈಳಿಗೆಮಣೆ, ಮಿಕ್ಸಿ, ತಾತನ ಡಂಬೆಲ್ಲಿನ ಸಾಲಿಗೆ ನನ್ನ ಬಾರೂ ಸೇರಿತು. ಅಮ್ಮ ನೀರಲ್ಲಿ ಕಲಸಿದ ಕುಂಕುಮ ತಂದಳು. "ಅಮ್ಮಾ, ಗೀರಿನ ಮೇಲೆ ಬೇಡ, ಒದ್ದೆ ಇಳಿಯತ್ತೆ" ಅಂದೆ. ಅವಳು ಸರಿಯಾಗಿ ಗೀರಿನ ಮೇಲೇ ಮೂರು ಬೊಟ್ಟಿಟ್ಟು, ಮೇಲೊಂದು ಚೆಂಡುಹೂ ಸಿಕ್ಕಿಸಿದಳು.

ಮಾರನೆಯ ಬೆಳಿಗ್ಗೆ ಟೂತ್‌ಬ್ರಷ್ ಹಿಡಿದು ಕೂತೆ. ಬಟ್ಟೆಗೆ ಕೆಂಪು ಹತ್ತಿತು. ಬೆಳಕಿಗೆ ಹಿಡಿದು ನೋಡಿದೆ. ಕುಂಕುಮದ್ದೋ ತುಕ್ಕಿನದ್ದೋ ತಿಳಿಯಲಿಲ್ಲ.